ಸನಮಡಿ ಫಾಟಾದಲ್ಲಿ ನಿಲ್ಲದ ಜೀಪು

ಉಮದಿ
6 ಜನವರಿ 2025, ಸೋಮವಾರ

ನನ್ನ ಮುದ್ದಿನ ಮೊಮ್ಮಗಳು ಸೃಷ್ಟಿಗೆ ನಿನ್ನ ಆಯಿ ಹಾಲವ್ವನ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಡಫಳಾಪುರದ ನೀರು ಮೈಗೆ ಒಗ್ಗಿತೇ? ನಿನ್ನ ಅನಿಲ ಕಾಕಾನ ಮೊಣಕಾಲು ನೋವು ಕಡಿಮೆಯಾಯಿತೋ, ಇಲ್ಲಾ ಇನ್ನೂ ಮೆಟ್ಟಿಲು ಇಳಿಯುವಾಗ ಗೋಡೆಯನ್ನು ಬೈಯುತ್ತಿದ್ದಾನೋ? ಶಾಂತಾದೇವಿ ಕಾಕುಗೆ ಥಂಡಿಯಾಗಿ ಕೆಮ್ಮು ಅಂತ ಬರೆದಿದ್ದೀ; ಅಜವಾನ ಹುರಿದು ಅರಿವೆಯಲ್ಲಿ ಗಂಟು ಕಟ್ಟಿ ಎದೆಗೆ ಕಾಸಿಕೊಳ್ಳಲು ಹೇಳು. ಇಲ್ಲಿ ನಿನ್ನ ಮುತ್ಯಾ ಗುರುಲಿಂಗಪ್ಪನವರು ಆರಾಮ. ಕಣ್ಣಿನ ಪೊರೆ ತೆಗೆಸಿದ ಮೇಲೆ ಎಲ್ಲವೂ ಸ್ವಚ್ಛ ಕಾಣುತ್ತಿದೆಯಂತೆ. ಮೊನ್ನೆ ನನ್ನ ಮುಖವನ್ನೇ ನೋಡುತ್ತ ಕುಳಿತು, "ಯಾವಾಗ ಇಷ್ಟ ಮುದಿಕ್ಯಾದಿ ನೀ?" ಅಂದರು. "ನಿಮಗ ಕಾಣವಲ್ಲದಾಗಿತ್ತಲ್ಲರಿ, ಆವಾಗ್ರಿ" ಅಂದೆ.

ನಿನ್ನ ಕಾಗದ ಶುಕ್ರವಾರ ಮುಟ್ಟಿತು. ಫೋನಿನಲ್ಲಿ ಕೇಳಿದರೆ ನಾನು ಹೂಂ ಹೂಂ ಅಂದು ಮರೆತುಬಿಡುತ್ತೇನೆ, ಬರೆದು ಕೇಳಿದರೆ ಉತ್ತರ ಕೊಡಲೇಬೇಕು ಅಂತ ಬರೆದಿದ್ದೀಯಲ್ಲ, ಅದು ಖರೆ. ಅಕ್ಷರವನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನಿನ್ನ ಅಪ್ಪ ಪಾಟಿಯ ಮೇಲೆ ತಿದ್ದುವಾಗ ರೊಟ್ಟಿ ಬಡಿಯುತ್ತ ವಾರೆಗಣ್ಣಿನಲ್ಲಿ ನೋಡಿ ಕಲಿತೆ. ನನ್ನ ಕೂಲಿಗುಂಪಿನ, ಅದೇ ಟೋಳಿಯ, ಹೆಂಗಸರ ಹಾಜರಿ ಬರೆಯುತ್ತ ಕೈ ಕುದುರಿತು. ಸಾಲು ಸೊಟ್ಟ ಹೋದರೆ ನಗಬೇಡ.

ಈ ಹಂಗಾಮಿಗೆ ದ್ರಾಕ್ಷಿ ಆರಿಸಿ ಪೆಟ್ಟಿಗೆ ತುಂಬಲು ಅರವತ್ತು ಹೆಂಗಸರು, ಅವರನ್ನು ನಡೆಸಲು ಒಬ್ಬ ಸೂಪರ್‌ವೈಸರ್, ಇಷ್ಟು ಜನರನ್ನು ಗೊತ್ತುಮಾಡುವ ಕೆಲಸವನ್ನು ನಿಮ್ಮ ಪ್ಯಾಕ್‌ಹೌಸಿನವರು ನಿನಗೆ ಕೊಟ್ಟಿದ್ದಾರೆ. ಇಪ್ಪತ್ತಾರು ವರ್ಷ ದ್ರಾಕ್ಷಿ ತೋಟದ ಪಡಗಳಿಗೆ ಟೋಳಿ ಕಟ್ಟಿಕೊಂಡು ಹೋದವಳು ನೀನು ಆಯಿ, ಮಂದಿಯನ್ನು ಹೇಗೆ ಆರಿಸುತ್ತಿದ್ದೆ ಅಂತ ಕೇಳಿದ್ದೀ.

ಹೊಸಬಳು ಬಂದರೆ ನಾನು ಅವಳ ಕೈಗೆ ಕತ್ರಿ ಕೊಟ್ಟು ಒಂದೇ ಒಂದು ಗೊನೆ ತೋರಿಸುತ್ತಿದ್ದೆ. ಒತ್ತಾಗಿ ಬೆಳೆದ ಕಾಳುಗಳನ್ನು ತೆಗೆದು ಉಳಿದವಕ್ಕೆ ದಪ್ಪಗಾಗಲು ಜಾಗ ಮಾಡಿಕೊಡಬೇಕು, ಅಷ್ಟೇ ಕೆಲಸ. ಎಷ್ಟು ಬೇಗ ಕತ್ತರಿಸುತ್ತಾಳೆ ಅಂತ ನಾನು ನೋಡುತ್ತಿರಲಿಲ್ಲ. ವೇಗ ಎಂಟು ದಿನದಲ್ಲಿ ಯಾರಿಗಾದರೂ ಬರುತ್ತದೆ. ಕತ್ರಿ ಹಚ್ಚುವ ಮೊದಲು ಗೊನೆಯನ್ನು ಮೆಲ್ಲಗೆ ತಿರುಗಿಸಿ ಹಿಂದಿನ ಬದಿಯನ್ನೂ ನೋಡುತ್ತಾಳೋ ಇಲ್ಲವೋ, ಅದನ್ನು ನೋಡುತ್ತಿದ್ದೆ. ನೋಡದವಳು ಮಾತಿನಲ್ಲೂ ಹಾಗೇ; ಅರ್ಧ ಕೇಳಿ ಜಗಳ ಹಚ್ಚುತ್ತಾಳೆ. ಮೊದಲ ದಿನ ಬಾಯಿ ಬಿಡದವಳನ್ನು ಸೊಕ್ಕಿನವಳು ಅಂತ ತಿಳಿಯಬೇಡ. ಒಬ್ಬಳು ಮೂರು ದಿನ ಒಂದು ಮಾತೂ ಆಡಲಿಲ್ಲ. ನಾಳೆಯಿಂದ ಬರಬೇಡ ಅನ್ನುವವಳಿದ್ದೆ. ನಾಲ್ಕನೆಯ ದಿನ ಗೊತ್ತಾಯಿತು, ಪಾಪ, ಹಲ್ಲು ನೋವು.

ಇನ್ನೊಂದು ಮಾತು. ನಾವು ಸಾಲಿನ ಆ ಬದಿಗೆ ಒಬ್ಬಳು, ಈ ಬದಿಗೆ ಒಬ್ಬಳು ನಿಂತು ಜೋಡಿಯಲ್ಲಿ ಕೆಲಸ ಮಾಡುವವರು. ಆದ್ದರಿಂದ ನನ್ನ ತಲೆಬಿಸಿ ಯಾರನ್ನು ತೆಗೆದುಕೊಳ್ಳಲಿ ಅನ್ನುವುದಕ್ಕಿಂತ ಅವಳ ಎದುರಿಗೆ ಯಾರನ್ನು ನಿಲ್ಲಿಸಲಿ ಅನ್ನುವುದೇ ಆಗಿತ್ತು. ಅತ್ತೆ ಸೊಸೆಯನ್ನು ಎದುರುಬದುರು ಹಚ್ಚಬೇಡ. ಅತ್ತೆ ದ್ರಾಕ್ಷಿ ನೋಡುವುದಿಲ್ಲ, ಸೊಸೆಯ ಕೈ ನೋಡುತ್ತಾಳೆ. ಕೂಸನ್ನು ಮನೆಯಲ್ಲಿ ಬಿಟ್ಟು ಬಂದವಳಿಗೆ ಹಾದಿ ಕಾಣುವ ಕಡೆ ಜಾಗ ಕೊಡು. ಮನೆಯಿಂದ ಯಾರಾದರೂ ಬಂದರೆ ಮೊದಲು ಅವಳಿಗೇ ಕಾಣಬೇಕು. ಇಲ್ಲದಿದ್ದರೆ ದಿನವಿಡೀ ಅವಳ ಕೈ ಇಲ್ಲಿ, ಕಿವಿ ಅಲ್ಲಿ.

ಇಷ್ಟು ಬರೆದು ಪೆನ್ನು ಇಟ್ಟು ಚಹಾ ಕುಡಿದು ಬಂದೆ. ಇಲ್ಲಿಗೇ ಸಹಿ ಹಾಕಿ ಮುಗಿಸೋಣ ಅನ್ನಿಸಿತು. ಆದರೆ ನೀನು ನಿಜವಾಗಿ ಕೇಳಿದ್ದು ಕಾಗದದ ಕೊನೆಗೆ ಇದೆ. ಸೂಪರ್‌ವೈಸರ್ ಕೆಲಸಕ್ಕೆ ಸನಮಡಿಯ ಶೈಲಾ ಎಂಬವಳು ಬಂದಿದ್ದಳು, ಅವಳ ಅವ್ವ ಸಾವಿತ್ರವ್ವ, ಆಯಿ, ನಿನ್ನ ಟೋಳಿಯಲ್ಲಿದ್ದಳಂತೆ ಅಂತ ಬರೆದಿದ್ದೀ. ಬಂದವರಲ್ಲಿ ಅವಳೇ ಎಲ್ಲರಿಗಿಂತ ಚಲೋ, ನನಗಿಂತಲೂ ಚಲೋ, ಮ್ಯಾನೇಜರರಿಗೆ ಮರಾಠಿಯಲ್ಲಿ ಪಟಪಟ ಉತ್ತರ ಕೊಟ್ಟಳು, ಹೊರಗೆ ಕುಳಿತ ಹೆಂಗಸರನ್ನು ಕನ್ನಡದಲ್ಲಿ ನಗಿಸಿದಳು, ಇವಳನ್ನು ತೆಗೆದುಕೊಂಡರೆ ಬರುವ ವರ್ಷ ನನ್ನ ಕುರ್ಚಿಯಲ್ಲಿ ಇವಳೇ ಕುಳಿತಿರುತ್ತಾಳೆ ಅಂತ. ಇಪ್ಪತ್ತನೆಯ ತಾರೀಖಿನೊಳಗೆ ಹೆಸರು ಕೊಡಬೇಕು, "ಜಾಗ ತುಂಬೇತಿ ಅಂತ ಹೇಳಿಬಿಡ್ಲೇನ ಆಯಿ?" ಅಂತ.

ಸೃಷ್ಟಿ, ಆ ಮಾತನ್ನು ನಾನೊಮ್ಮೆ ಹೇಳಿದ್ದೇನೆ. ಶೈಲಾಳ ಅವ್ವನ ವಿಷಯದಲ್ಲೇ.

ಸಾವಿತ್ರವ್ವ ಹನ್ನೊಂದು ವರ್ಷ ನನ್ನ ಜೋಡಿ. ಎಲೆಗಳ ನಡುವೆ ಅವಳ ಮುಖ ಕಾಣುತ್ತಿರಲಿಲ್ಲ, ಬೆರಳು ಮಾತ್ರ ಕಾಣುತ್ತಿದ್ದವು. ಕಾಳಿನ ಮೇಲಿನ ಬೂದಿಯಂಥ ಬಿಳಿ ಪುಡಿ ಅಳಿಸದಂತೆ ಕತ್ತರಿಸುತ್ತಿದ್ದಳು. ನಾನು ಸಾಲಿನ ಆ ತುದಿ ಮುಟ್ಟುವುದಕ್ಕೂ ಅವಳು ಮುಟ್ಟುವುದಕ್ಕೂ ಸರಿಹೋಗುತ್ತಿತ್ತು. ಅವಳು ನನಗಾಗಿ ಕೈ ನಿಧಾನ ಮಾಡುತ್ತಿದ್ದಳು ಅನ್ನುವುದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಬಿಸಿಲು ಏರಿ ಎಲ್ಲರೂ ಸುಸ್ತಾದಾಗ ಅವಳು, "ಲಗೂನ ಮುಗಸ್ರಿ, ಹಾಲವ್ವನ ಮಾರಿ ನೋಡಿ ನೋಡಿ ದ್ರಾಕ್ಷಿ ಹುಳಿ ಆಗಾಕತ್ತಾವ" ಅಂತ ಕೂಗುತ್ತಿದ್ದಳು. ಟೋಳಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ.

ಹದಿನೈದು ವರ್ಷದ ಹಿಂದೆ, ಹಂಗಾಮಿನ ಕೊನೆಯ ದಿನ, ಪಡದ ಮಾಲಕರು ಎಲ್ಲರ ಮುಂದೆ ಹೇಳಿದರು: "ಹಾಲವ್ವಾ, ಬರು ವರ್ಷ ಇನ್ನೊಂದು ಟೋಳಿ ಬೇಕಾಗತೈತಿ. ಸಾವಿತ್ರವ್ವ ಕಟ್ಟಲಿ. ಆಕಿ ಮಾತಿಗೆ ಮಂದಿ ನಿಲ್ತಾರ." ನಾನು ಹೂಂ, ಆಗಲಿರಿ ಅಂದೆ. ಮನೆಗೆ ಬಂದು ಮೂರು ದಿನ ನಿನ್ನ ಮುತ್ಯಾನ ಜೊತೆಯೂ ಸರಿಯಾಗಿ ಮಾತಾಡಲಿಲ್ಲ.

ಮುಂದಿನ ಹಂಗಾಮಿನ ಮೊದಲ ಮುಂಜಾನೆ ನಮ್ಮನ್ನು ಪಡಕ್ಕೆ ಒಯ್ಯುವ ಸಾತಪ್ಪನ ಜೀಪು ಉಮದಿಯಿಂದ ಹೊರಟಿತು. ಊರಿನ ಹಾದಿ ಕವಲೊಡೆಯುವ ಸನಮಡಿ ಫಾಟಾದಲ್ಲಿ ಸಾವಿತ್ರವ್ವ ಬುತ್ತಿ ಹಿಡಿದು ನಿಂತಿದ್ದಳು. ಪಕ್ಕದಲ್ಲಿ ಏಳು ವರ್ಷದ ಶೈಲಾ, ಅವ್ವನನ್ನು ಕಳಿಸಲು ಬಂದಿದ್ದಳು. ಸಾತಪ್ಪ ಗಾಡಿ ನಿಧಾನ ಮಾಡಿದ. "ನಿಲ್ಲಸಬ್ಯಾಡ, ಗಾಡಿ ತುಂಬೇತಿ, ನಡಿ" ಅಂದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ. "ತುಂಬೇತ್ರಿ?" "ತುಂಬೇತಿ ಅಂದ್ನೆಲ್ಲೋ."

ನನ್ನ ಪಕ್ಕದ ಜಾಗ ಖಾಲಿ ಇತ್ತು. ಅದರ ಮೇಲೆ ಎಲ್ಲರ ಬುತ್ತಿಗಂಟು ಪೇರಿಸಿದ್ದೆ. ಉಮದಿಯಲ್ಲಿ ಹತ್ತುವಾಗಲೇ ಪೇರಿಸಿದ್ದೆ ಅಂದರೆ ನಿನಗೆ ತಿಳಿಯಬೇಕು. ಹಿಂದೆ ಕುಳಿತ ಹೆಂಗಸರು ಯಾರೂ ಉಸಿರು ಎತ್ತಲಿಲ್ಲ. ನಾಳೆ ಅವರನ್ನು ಹತ್ತಿಸಿಕೊಳ್ಳುವವಳೂ ನಾನೇ ಅಲ್ಲವೇ. ಸಾವಿತ್ರವ್ವ ಜೀಪಿಗೆ ಎತ್ತಿದ ಕೈಯನ್ನು ಇಳಿಸದೆ ನಿಂತಿದ್ದಳು.

ಮಾಲಕರಿಗೆ, ಆಕೆಗೆ ಈ ವರ್ಷ ಬರಲು ಆಗುವುದಿಲ್ಲವಂತೆ ಅಂದೆ. ನಿನ್ನ ಮುತ್ಯಾನಿಗೆ, ಆಕೆಗೆ ಸೊಕ್ಕು ಬಂದಿದೆ ಅಂದೆ. ಎರಡೂ ಟೋಳಿ ನನ್ನವೇ ಆದವು. ಸಾವಿತ್ರವ್ವ ರಸ್ತೆ ಕೆಲಸಕ್ಕೆ ಕಲ್ಲು ಹೊರಲು ಹೋದಳು ಅಂತ ಆಮೇಲೆ ಕೇಳಿದೆ. ಆ ಬೆರಳುಗಳು. ಮುಂದೆ ಹದಿಮೂರು ವರ್ಷ ನನ್ನ ಎದುರಿನ ಬದಿಗೆ ಎಷ್ಟೋ ಮಂದಿ ನಿಂತರು. ತುದಿ ಮುಟ್ಟಿದ ಮೇಲೆ ನಾನು ತಿರುಗಿ ಬಂದು ಅವರ ಬದಿಯನ್ನೂ ನೋಡಬೇಕಾಗುತ್ತಿತ್ತು.

ಈಗ ನೀನು ಕೇಳಿದ್ದಕ್ಕೆ. ಶೈಲಾಳನ್ನು ತೆಗೆದುಕೋ ಅಂತ ನಾನು ಹೇಳುವುದಿಲ್ಲ. ನನ್ನ ತಪ್ಪು ತೊಳೆಯಲು ನಿನ್ನ ಕೆಲಸವನ್ನು ಬಳಸಬಾರದು. ನಿನ್ನ ಹೆದರಿಕೆ ಸುಳ್ಳು ಅಂತಲೂ ಹೇಳುವುದಿಲ್ಲ. ಅವಳು ನಿನ್ನನ್ನು ದಾಟಿ ಹೋಗಲೂಬಹುದು. ಆದರೆ ಬೇಡ ಅನ್ನುವುದಿದ್ದರೆ ಗಾಡಿಯಿಂದ ಕೆಳಗಿಳಿದು, ಎದುರು ನಿಂತು, ಯಾಕೆ ಬೇಡ ಅಂತ ಹೇಳು. ಹೇಳಲು ನಾಚಿಕೆಯಾದರೆ ಆ ಕಾರಣ ಬಿಟ್ಟುಬಿಡು. ಇಪ್ಪತ್ತಾರು ವರ್ಷದಲ್ಲಿ ನಾನು ಕಲಿತದ್ದರಲ್ಲಿ ಉಳಿದದ್ದೆಲ್ಲ ನಿನಗೆ ನಾಲ್ಕು ದಿನದಲ್ಲಿ ತಾನಾಗಿ ಬರುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಕಾಕುಗೆ ಕೆಲಸದಲ್ಲಿ ಕೈಜೋಡಿಸು.

ಇನ್ನೂ ಅದೇ ಫಾಟಾ ದಾಟುತ್ತಿರುವ
ನಿನ್ನ ಆಯಿ,
ಹಾಲವ್ವ

ತಾ.ಕ. (ಗುರುವಾರ)

ಸೋಮವಾರ ಅಂಚೆಗೆ ಹಾಕಲು ಹೋದವಳು ಹಾಕದೆ ತಿರುಗಿ ಬಂದೆ. ನಿನ್ನೆ ಸನಮಡಿಗೆ ಹೋಗಿ ಸಾವಿತ್ರವ್ವನ ಮುಂದೆ ಕುಳಿತು ಈ ಕಾಗದವನ್ನು ಓದಿದೆ. ಅವಳಿಗೆ ಓದಲು ಬರುವುದಿಲ್ಲ. ಶೇಂಗಾ ಸುಲಿಯುತ್ತ ಕೇಳಿದಳು. ಜೀಪಿನ ಸುದ್ದಿ ಬಂದಾಗಲೂ ಕೈ ನಿಲ್ಲಿಸಲಿಲ್ಲ. ಮುಗಿದ ಮೇಲೆ, "ಬುತ್ತಿಗಂಟು ನನಗ ಆವತ್ತ ಕಂಡಿದ್ದುವು ಹಾಲವ್ವಾ. ನನ್ನ ಜಾಗದಾಗ ಕುಂತ ಹೋದುವು. ಇದನ್ನ ಹೇಳಾಕ ಹದಿನೈದು ವರ್ಷ ಬೇಕಾತು ನಿನಗ?" ಅಂದಳು. ನಾನು ಕಾಗದವನ್ನು ಮಡಚಿ ತೊಡೆಯ ಮೇಲೆ ಇಟ್ಟುಕೊಂಡೆ. ಆಮೇಲೆ ಮೊರವನ್ನು ನಡುವೆ ಸರಿಸಿ, "ಸುಮ್ಮನ ಯಾಕ ಕುಂತಿ? ಸುಲಿ" ಅಂದಳು. ಎದುರುಬದುರು ಕುಳಿತು ಸುಲಿದೆವು. ಈ ಸಲ ಅವಳು ನನಗಾಗಿ ಕೈ ನಿಧಾನ ಮಾಡಲಿಲ್ಲ.

ಏಳುವಾಗ ನಿನಗೆ ಹೀಗೆ ಬರೆಯಲು ಹೇಳಿದಳು: "ನನ್ನ ಮಗಳಿಗೆ ಕನಿಕರಕ್ಕ ಜಾಗ ಕೊಡೂದು ಬ್ಯಾಡ. ಚಲೋ ಇದ್ರ ತಗೊಳ್ಳಲಿ. ಇಲ್ಲಂದ್ರ ಮಾರಿ ನೋಡಿ ಹೇಳಲಿ. ತುಂಬೇತಿ ಅಂತ ಮಾತ್ರ ಅನಬಾರದು."

ಬರೆದಿದ್ದೇನೆ. ಇನ್ನು ನಿನ್ನ ಕೈಯಲ್ಲಿದೆ. ಹೆಸರು ಕೊಟ್ಟ ದಿನವೇ ಎರಡು ಸಾಲು ಬರೆದು ಅಂಚೆಗೆ ಹಾಕು. ಯಾರ ಹೆಸರೇ ಇರಲಿ, ಆ ಕಾಗದವನ್ನು ಸನಮಡಿಗೆ ತಂದು ತನ್ನ ಮುಂದೆ ನಾನು ಓದಬೇಕು ಅಂದಳು ಸಾವಿತ್ರವ್ವ. ಫಾಟಾದಲ್ಲಿ ಇಳಿಯಲು ನನಗೆ ಇನ್ನೊಂದು ನೆಪ ಬೇಕು ಮಗಳೇ, ಲಗೂನ ಬರಿ.