ಸೋರುವ ಮಡಿಲು

ಅವ್ವಾ,

ನೀನಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಇವತ್ತು ರಾಬರ್ಟ್‌ಸನ್‌ಪೇಟೆಯ ಅಂಗಡಿಯಲ್ಲಿ ನಿನ್ನ ಮೊಮ್ಮಗಳು ಪ್ರೇರಣಾ, ಚರ್ಚಿನ ಮದುವೆಗೆಂದು ಲೇಸು ಹಚ್ಚಿದ ಬಿಳಿ ಬಲೆಬಟ್ಟೆಯ ಗೌನು ತೊಟ್ಟು ನಿಂತಳು. ಜೊತೆಗೆ ಬಂದಿದ್ದ ನಿನ್ನ ತಂಗಿ ಶಶಿರೇಖ ಚಿಕ್ಕಮ್ಮ ನನ್ನ ಕಡೆ ತಿರುಗಿದಳು.

"ಸೊಳ್ಳೆಪರದೆ ಸುತ್ಕೊಂಡಂಗದೆ. ಸೆರಗೇ ಇಲ್ಲ, ಮಡಿಲಕ್ಕಿ ಎಲ್ಲಿಗೆ ಉಯ್ತೀಯೇ? ಎಲ್ಲಾ ಸೋರೋಯ್ತದೆ."

ಪ್ರೇರಣಾ ಆ ಬಲೆಯನ್ನೇ ಎರಡೂ ಕೈಯಲ್ಲಿ ಮಡಿಲಿನಂತೆ ಒಡ್ಡಿದಳು.

"ಅಮ್ಮಾ, ಬೇಡ ಅಂದ್ರೆ ಬಿಚ್ಚಿಡ್ತೀನಿ. ನೀನು ಮದುವೆಗೆ ಬಂದ್ರೆ ಸಾಕು."

ನನ್ನ ಮದುವೆಯ ದಿನ ಬಂಗಾರಪೇಟೆಯ ನೋಂದಣಿ ಕಚೇರಿಯಲ್ಲಿ ನಾನು ರೇಷ್ಮೆ ಸೀರೆ ಉಟ್ಟಿದ್ದೆ ಅವ್ವಾ. ಆ ಸೆರಗಿನಿಂದ ಒಂದು ಕಾಳೂ ಸೋರುತ್ತಿರಲಿಲ್ಲ. ಕಚೇರಿ ಮುಚ್ಚುವವರೆಗೂ ನೀನು ಬರುತ್ತೀಯೆಂದು ಬಾಗಿಲನ್ನೇ ನೋಡುತ್ತಿದ್ದೆ.

"ಇದನ್ನೇ ತಗೋ," ಎಂದೆ ಮಗಳಿಗೆ. "ಸೋರಿದಷ್ಟೂ ಮತ್ತೆ ತುಂಬ್ತೀನಿ."