ನಾಲ್ಕು ಬೋಲ್ಟಿನ ಅಪರಾಧ

ವಾಹನಗಳ ಹಣೆಬರಹ ಬರೆಯುವ ಸಾರಿಗೆ ಕಚೇರಿಯ ಮಾನ್ಯ ಅಧಿಕಾರಿಗಳೇ,

ನನ್ನ ಎಲೆಕ್ಟ್ರಿಕ್ ಪಿಕಪ್ ಗಾಡಿ ತಮ್ಮ ಕಚೇರಿಯ ಅಂಗಳದಲ್ಲಿ ನಿಂತು ಇವತ್ತಿಗೆ ಇಪ್ಪತ್ತೇಳು ದಿನ. ತಾವು ವಿಧಿಸಿರುವ ಷರತ್ತನ್ನು ಪೂರೈಸದಿದ್ದರೆ ಬರುವ ಗುರುವಾರ ಅದರ ನೋಂದಣಿಯೇ ರದ್ದು ಎಂದು ನೋಟೀಸು ಬಂದಿದೆ. ಉತ್ತರ ಬರೆದುಕೊಂಡು ಮೂರು ಸಲ ಬಂದೆ. ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ಹಾಗಾಗಿ ನಾಲ್ಕನೆಯ ಸಲ ಪತ್ರಿಕೆಯ ಮೂಲಕವೇ ಬರುತ್ತಿದ್ದೇನೆ. ಮೀಟಿಂಗಿನಲ್ಲಿ ಪೇಪರ್ ಓದುವವರು ಒಬ್ಬರಾದರೂ ಇದ್ದೇ ಇರುತ್ತಾರೆ ಎಂಬ ನಂಬಿಕೆ ನನಗಿದೆ.

ನಾನು ತೂಬಗೆರೆಯಲ್ಲಿ ಶಾಮಿಯಾನ ಅಂಗಡಿ ನಡೆಸುವವಳು. ಕಂಬ, ಬಟ್ಟೆ, ಕುರ್ಚಿ, ಅಡುಗೆ ಪಾತ್ರೆ, ಸೀರಿಯಲ್ ಸೆಟ್, ಮೈಕು, ದೀಪಕ್ಕೂ ಮೈಕಿಗೂ ಕರೆಂಟು ಕೊಡುವ ಒಂದು ಪೆಟ್ರೋಲ್ ಜನರೇಟರ್, ಇಷ್ಟು ನನ್ನ ಆಸ್ತಿ. ನನ್ನ ತಮ್ಮ ಜಯಕುಮಾರ್ ಗಾಡಿ ಓಡಿಸುತ್ತಾನೆ. ಎರಡು ವರ್ಷದ ಹಿಂದೆ ಪರಿಸರ ಉಳಿಸಿ ಎಂಬ ತಮ್ಮ ಇಲಾಖೆಯ ಬೋರ್ಡನ್ನು ಓದಿ, ಅದನ್ನು ನಂಬಿ, ಡೀಸೆಲ್ ಗಾಡಿ ಮಾರಿ ಈ ಹಸಿರು ನಂಬರ್ ಪ್ಲೇಟಿನ ಗಾಡಿ ತಂದೆವು. ಬೋರ್ಡು ಓದುವ ಚಟ ಒಳ್ಳೆಯದಲ್ಲ ಎಂದು ಆಗ ನನಗೆ ಯಾರೂ ಹೇಳಲಿಲ್ಲ.

ಒಮ್ಮೆ ಚಾರ್ಜ್ ಮಾಡಿದರೆ ನೂರ ನಲವತ್ತು ಕಿಲೋಮೀಟರ್ ಎಂದು ಷೋರೂಮಿನಲ್ಲಿ ಹೇಳಿದ್ದರು. ಖಾಲಿ ಗಾಡಿ, ಇಳಿಜಾರು, ಹಿಂದಿನಿಂದ ಗಾಳಿ, ಇವೆಲ್ಲ ಸೇರಿದರೆ ಓಡುತ್ತದೋ ಏನೋ. ಕಬ್ಬಿಣದ ಕಂಬ ಹೇರಿದ ಮೇಲೆ ಎಂಬತ್ತೈದಕ್ಕೆ ಸುಸ್ತಾಗುತ್ತದೆ. ತೂಬಗೆರೆಯಿಂದ ಬೂದಿಗೆರೆಗೆ ಹೋಗಿ ಬರುವಷ್ಟರಲ್ಲಿ ನೂರು ಕಿಲೋಮೀಟರ್ ಆಗುತ್ತದೆ. ದಾರಿಯಲ್ಲಿ ಚಾರ್ಜ್ ಮಾಡಿಸಬಾರದೇ ಎಂದು ತಾವು ಕೇಳಬಹುದು. ಏರ್‌ಪೋರ್ಟ್ ರಸ್ತೆಯ ಕಡೆ ಚಾರ್ಜಿಂಗ್ ಪಾಯಿಂಟುಗಳಿಗೇನೂ ಬರವಿಲ್ಲ. ನಾವು ಹೋದ ಒಂದು ಹೋಟೆಲಿನ ನೆಲಮಾಳಿಗೆಯಲ್ಲಿ ನಾಲ್ಕಿದ್ದವು. ಕಂಬ ಹೊತ್ತ ಗಾಡಿ ಒಳಗೆ ತೂರಲಿಲ್ಲ. ಕಂಬ ಇಳಿಸಿದರೆ ಸೆಕ್ಯೂರಿಟಿಯವರು, ಗೂಡ್ಸ್ ಗಾಡಿ ಒಳಗೆ ಬಿಡೋದಿಲ್ಲ ಅಂದರು. ಎಲೆಕ್ಟ್ರಿಕ್ ಗಾಡಿಗಳಲ್ಲೂ ಒಳಗೆ ಬರುವವು, ಹೊರಗೆ ನಿಲ್ಲುವವು ಎಂದು ಎರಡು ಜಾತಿ ಇರುವುದು ನನಗೆ ಅವತ್ತು ಗೊತ್ತಾಯಿತು.

ಉಪಾಯ ಗಾಡಿಯಲ್ಲೇ ಇತ್ತು. ಫಂಕ್ಷನ್ನಿಗೆ ಹೇಗಿದ್ದರೂ ಜನರೇಟರ್ ಹೊತ್ತೊಯ್ಯುತ್ತೇವೆ. ಕಂಬ ನೆಟ್ಟು ಬಟ್ಟೆ ಕಟ್ಟಲು ಎರಡು ಗಂಟೆ ಬೇಕು, ಅಷ್ಟು ಹೊತ್ತು ಗಾಡಿ ಸುಮ್ಮನೆ ನಿಂತಿರುತ್ತದೆ. ಆ ಎರಡು ಗಂಟೆ ಜನರೇಟರಿನಿಂದ ಗಾಡಿಗೆ ಕರೆಂಟು ಕೊಟ್ಟರೆ ಮೂವತ್ತು ಕಿಲೋಮೀಟರ್ ಜಾಸ್ತಿ ಸಿಗುತ್ತದೆ, ನೆಮ್ಮದಿಯಾಗಿ ಮನೆ ಸೇರಬಹುದು. ಒಂದು ವರ್ಷ ಹೀಗೇ ನಡೆಯಿತು. ಆಮೇಲೆ ನನ್ನ ತಮ್ಮನ ತಲೆ ಓಡಿತು. ಹಗ್ಗದಲ್ಲಿ ಕಟ್ಟಿದ ಜನರೇಟರ್ ತಿರುವುಗಳಲ್ಲಿ ಜಾರಾಡಿ ಪಾತ್ರೆಗಳನ್ನು ನಗ್ಗಿಸುತ್ತಿತ್ತು. ಕ್ಯಾಬಿನ್ನಿನ ಹಿಂದೆ ಒಂದು ಸ್ಟ್ಯಾಂಡ್ ಇಟ್ಟು ನಾಲ್ಕು ಬೋಲ್ಟು ಹಾಕಿ ಬಿಗಿದ. ಅಷ್ಟಕ್ಕೇ ಬಿಟ್ಟಿದ್ದರೆ ತಮಗೂ ನನಗೂ ಈ ಪರಿಚಯ ಆಗುತ್ತಿರಲಿಲ್ಲ. ನಾವು ಶಾಮಿಯಾನದವರು, ಇದ್ದುದನ್ನು ನಾಲ್ಕು ಜನಕ್ಕೆ ಕಾಣುವಂತೆ ಬರೆಸದಿದ್ದರೆ ನಮಗೆ ಊಟ ಸೇರುವುದಿಲ್ಲ. ಗಾಡಿಯ ಹಿಂಬಾಗಿಲಿಗೆ ಕೆಂಪು ಅಕ್ಷರದಲ್ಲಿ, ಮೇಲೊಂದು ಕೆಳಗೊಂದು ಹೂವಿನ ಬಳ್ಳಿ ಸಮೇತ, ‘ಜನರೇಟರ್ ಸೌಲಭ್ಯವಿದೆ’ ಎಂದು ಬರೆಸಿದೆವು. ತಪ್ಪು ಮಾಡಿ ಅದನ್ನು ಹೀಗೆ ದಪ್ಪಕ್ಷರದಲ್ಲಿ ಬರೆಸಿಕೊಂಡು ತಿರುಗಿದವರು ಜಿಲ್ಲೆಯಲ್ಲಿ ನಾವೊಬ್ಬರೇ ಇರಬೇಕು.

ಅವತ್ತು ಬೆಳಿಗ್ಗೆ ಎರಡು ಕಡೆ ಪಾತ್ರೆ ಇಳಿಸಿ, ಸುತ್ತಿ ಬಳಸಿ, ಬೂದಿಗೆರೆಯ ಒಂದು ಬೀಗರೂಟಕ್ಕೆ ಬಂದಾಗ ಬ್ಯಾಟರಿ ಒಂಬತ್ತು ಪರ್ಸೆಂಟಿಗೆ ಇಳಿದಿತ್ತು. ಗಾಡಿ ನಿಲ್ಲಿಸಿ ಜನರೇಟರ್ ಚಾಲು ಮಾಡಿ ಕಂಬ ನೆಡುತ್ತಿದ್ದೆವು. ಆಗ ತಮ್ಮ ತನಿಖಾಧಿಕಾರಿಗಳ ಜೀಪು ಆ ಕಡೆ ಬಂತು. ಹಸಿರು ಪ್ಲೇಟಿನ ಗಾಡಿಯಿಂದ ಹೊಗೆ ಬರುತ್ತಿದೆ, ಪಕ್ಕದಲ್ಲಿ ವಿವರಣೆಯೂ ಬರೆದಿದೆ! ಅವರು ಇಳಿದು ಬಂದು ಬೋಲ್ಟುಗಳನ್ನು ಎಣಿಸಿದರು. ಹಗ್ಗದಲ್ಲಿ ಕಟ್ಟಿದ್ದರೆ ಸರಕು, ಬೋಲ್ಟು ಹಾಕಿದರೆ ಎಂಜಿನ್ನು ಎಂದು ವಿವರಿಸಿ, ಗಾಡಿ ಜಪ್ತಿ ಎಂದು ಬರೆದುಕೊಂಡರು.

ಬರೆದದ್ದೇನೋ ಆಯಿತು, ಸಾಗಿಸುವುದು ಹೇಗೆ? ತಮ್ಮ ಕಚೇರಿ ಅಲ್ಲಿಂದ ಮೂವತ್ತೈದು ಕಿಲೋಮೀಟರ್. ಎಳೆದೊಯ್ಯುವ ಕ್ರೇನು ಬೇರೆಲ್ಲಿಗೋ ಹೋಗಿತ್ತು. ಅಧಿಕಾರಿಗಳು ಯಾರಿಗೋ ಫೋನ್ ಮಾಡಿದರು, ಆ ಕಡೆಯಿಂದ ಅಪ್ಪಣೆಯಾಯಿತು. ಬಂದು ನನ್ನ ತಮ್ಮನಿಗೆ ಮೆತ್ತಗೆ, “ಏನಪ್ಪಾ, ಅದನ್ನೇ ಇನ್ನೊಂದೆರಡು ಗಂಟೆ ಓಡಿಸ್ಬಿಡು, ಚಾರ್ಜ್ ಆಗ್ಲಿ” ಅಂದರು. ಹೀಗೆ, ಯಾವುದನ್ನು ಓಡಿಸಿದ್ದು ಅಪರಾಧವೋ ಅದನ್ನೇ ಸರ್ಕಾರದ ಸಮಕ್ಷಮದಲ್ಲಿ ಎರಡು ಗಂಟೆ ಓಡಿಸಲಾಯಿತು. ಅಷ್ಟು ಹೊತ್ತು ಅವರು ನಮ್ಮ ಕುರ್ಚಿಯಲ್ಲಿ, ನಮ್ಮ ಶಾಮಿಯಾನದ ನೆರಳಿನಲ್ಲಿ ಕೂತಿದ್ದರು. ಬೀಗರೂಟದಲ್ಲಿ ಅವರ ಎಲೆಗೆ ಏನೇನು ಬಿತ್ತು ಎಂಬುದನ್ನು ನಾನು ಇಲ್ಲಿ ಹೇಳುವುದಿಲ್ಲ, ಅವರ ಮನೆಯವರೂ ಈ ಪತ್ರಿಕೆ ಓದುತ್ತಿರಬಹುದು.

ಮಾನ್ಯರೇ, ತಮ್ಮ ನೋಟೀಸಿನಲ್ಲಿ ‘ಅನಧಿಕೃತ ಎಂಜಿನ್ ಬಳಸಿ ವಾಹನ ಚಾಲನೆ’ ಎಂದಿದೆ. ಚಾರ್ಜಿಂಗ್ ವೈರು ಸಿಕ್ಕಿಸಿದ್ದರೆ ಈ ಗಾಡಿ ಒಂದಿಂಚೂ ಕದಲುವುದಿಲ್ಲ. ಕಂಪನಿಯವರು ಹಾಗೆ ಮಾಡಿಟ್ಟಿದ್ದಾರೆ. ಕಾನೂನನ್ನು ನನಗಿಂತ, ಕ್ಷಮಿಸಿ, ತಮಗಿಂತಲೂ ಕಟ್ಟುನಿಟ್ಟಾಗಿ ಪಾಲಿಸುವ ಗಾಡಿ ಅದು. ನಿಂತ ಗಾಡಿ ಚಾಲನೆಯಲ್ಲಿತ್ತು ಎಂದು ಯಾವ ಕಣ್ಣಿನಿಂದ ನೋಡಿದಿರಿ? ಹೊಗೆ ಬಂದದ್ದು ನಿಜ, ನಾನು ಒಪ್ಪುತ್ತೇನೆ. ಎರಡು ಗಂಟೆಗೆ ಎರಡೂವರೆ ಲೀಟರ್ ಪೆಟ್ರೋಲಿನ ಹೊಗೆ. ನನ್ನ ಹಳೆಯ ಡೀಸೆಲ್ ಗಾಡಿ ದಿನವಿಡೀ ಬಿಡುತ್ತಿದ್ದ ಹೊಗೆಗೆ ತಾವೇ ಸರ್ಟಿಫಿಕೇಟ್ ಕೊಟ್ಟಿದ್ದಿರಿ. ಬೋಲ್ಟು ಹಾಕುವ ಮುಂಚೆ ಕೇಳಬೇಕಿತ್ತು ಅನ್ನುವುದಾದರೆ ಅದೂ ಸರಿ. ಕೇಳುವುದು ಯಾವ ಅರ್ಜಿಯಲ್ಲಿ? ಗುಮಾಸ್ತರನ್ನು ವಿಚಾರಿಸಿದೆ. ಅಂಥ ಫಾರಂ ಇನ್ನೂ ಪ್ರಿಂಟಾಗಿಲ್ಲವಂತೆ.

ಇಷ್ಟು ಹೊತ್ತು ತಮಾಷೆಯಾಗಿ ಬರೆದೆ. ಇನ್ನೊಂದನ್ನು ತಮಾಷೆಯಾಗಿ ಬರೆಯಲು ನನಗೆ ಬರುವುದಿಲ್ಲ. ಗಾಡಿ ಹೋದ ಹನ್ನೊಂದನೆಯ ದಿನ ಚನ್ನರಾಯಪಟ್ಟಣದ ಭೀಮರಾಜ್ ಅವರ ಮಗಳು ಅಕ್ಷತಳ ಮದುವೆ. ಧಾರೆ ಒಂಬತ್ತೂವರೆಗೆ. ಬೇರೆ ಗಾಡಿ ಸಿಗದೆ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಾವು ತಲುಪಿದಾಗ ಹತ್ತು ಗಂಟೆ. ಮನೆ ಮುಂದೆ ಜನ ಟವೆಲ್ಲು, ಸೆರಗು ತಲೆ ಮೇಲೆ ಹಾಕಿಕೊಂಡು ಬಿಸಿಲಲ್ಲಿ ನಿಂತೇ ಅಕ್ಷತೆ ಹಾಕಿದ್ದರು. ಭೀಮರಾಜ್ ಬೈಯಲಿಲ್ಲ. “ಬಿಡಮ್ಮ, ಆಗೋದು ಆಗೋಯ್ತು. ಚಿಕ್ಕವಳ ಮದ್ವೆಗೆ ಬೇರೆಯವ್ರಿಗೆ ಹೇಳ್ಕೋತೀವಿ” ಅಂದರು. ನಮ್ಮಪ್ಪ ಆವಲಪ್ಪ ಈ ಅಂಗಡಿ ಇಟ್ಟಾಗಿನಿಂದ ನಾವು ಯಾರ ಮನೆ ಕಾರ್ಯಕ್ಕೂ ತಡವಾಗಿ ಹೋದವರಲ್ಲ. ಕಂಬಗಳ ಕಟ್ಟನ್ನೂ ಬಿಚ್ಚದೆ ವಾಪಸ್ ತರುವಾಗ ದಾರಿಯುದ್ದಕ್ಕೂ ಅತ್ತೆ. ನಮ್ಮ ಕಸುಬಿನಲ್ಲಿ ಎರಡನೆಯ ಸಲ ತಡವಾದರೆ ಮೂರನೆಯ ಸಲ ಫೋನ್ ಬರುವುದಿಲ್ಲ. ಮುಂದಿನ ತಿಂಗಳು ಒಂಬತ್ತು ಮದುವೆ ಒಪ್ಪಿಕೊಂಡಿದ್ದೇನೆ. ನೋಂದಣಿ ರದ್ದಾದರೆ ನನ್ನ ಅಂಗಡಿಯೂ ಮುಚ್ಚಿದಂತೆಯೇ.

ಈಗ ತಮ್ಮ ಷರತ್ತಿಗೆ ಬರುತ್ತೇನೆ. ಗುರುವಾರ ಹನ್ನೊಂದು ಗಂಟೆಗೆ ‘ವಾಹನವನ್ನು ಅದರ ಸ್ವಂತ ಶಕ್ತಿಯಿಂದ’ ತಪಾಸಣೆಯ ಟ್ರ್ಯಾಕಿಗೆ ತರತಕ್ಕದ್ದು, ಜಪ್ತಿಯ ದಿನ ಜನರೇಟರಿಗೆ ಹಾಕಿದ ಸೀಲು ಒಡೆಯತಕ್ಕದ್ದಲ್ಲ. ಕೀ ತಮ್ಮ ಹತ್ತಿರವೇ ಇತ್ತು. ಕಾವಲಿನವರು ದಿನಾ ಮಧ್ಯಾಹ್ನ ಅದರಲ್ಲಿ ಕೂತು ರೇಡಿಯೋ ಕೇಳಿ ಕೇಳಿ ಬ್ಯಾಟರಿ ಸೊನ್ನೆಗೆ ಬಂದಿದೆ. ಕಚೇರಿಯ ಗೋಡೆಯ ಪ್ಲಗ್ಗಿನಲ್ಲಿ ಒಂದು ಗಂಟೆ ಚಾರ್ಜ್ ಮಾಡಿಕೊಳ್ಳುತ್ತೇನೆ, ಬಿಲ್ಲು ಕೊಡುತ್ತೇನೆ ಎಂದು ಕೇಳಿದೆ. ಸರ್ಕಾರಿ ಕರೆಂಟು ಖಾಸಗಿ ಗಾಡಿಗೆ ಇಲ್ಲವಂತೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಒಂದೋ ಒಂದು ಪ್ಲಗ್ ಕೊಡಿ, ಇಲ್ಲವೇ ಸೀಲು ತೆಗೆಯಿರಿ. ಎರಡೂ ಆಗದಿದ್ದರೆ ಗುರುವಾರ ಹನ್ನೊಂದಕ್ಕೆ ತಾವೇ ಬಂದು ಸ್ಟಿಯರಿಂಗ್ ಹಿಡಿಯಿರಿ, ಹಿಂದಿನಿಂದ ನನ್ನ ತಮ್ಮ ತಳ್ಳುತ್ತಾನೆ. ತಪಾಸಣೆ ಫಾರಂನಲ್ಲಿ ಇಂಧನ ಯಾವುದು ಎಂಬ ಕಾಲಂ ಇದೆ. ಅಲ್ಲಿ ಪೆಟ್ರೋಲ್ ಎಂದಾಗಲೀ ವಿದ್ಯುತ್ ಎಂದಾಗಲೀ ಬರೆಯಬೇಡಿ, ಜಯಕುಮಾರ್ ಎಂದು ಬರೆದುಕೊಳ್ಳಿ.

ಇಂತಿ,
ಇಪ್ಪತ್ತೇಳು ದಿನದಿಂದ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಮದುವೆಗಳಿಗೆ ಹೋಗುತ್ತಿರುವ,
ಪ್ರಮೋದಾ
ಶಾಮಿಯಾನದವರು, ತೂಬಗೆರೆ