ಗಂಜಿಯ ತಿಳಿ

ಹಳೇಬೀಡು
೧೪-೨-೧೯೫೯

ಪೂಜ್ಯ ಜಿನದಾಸಣ್ಣನವರಿಗೆ ತಂಗಿ ಪದ್ಮಲತಾಳ ಜಯಜಿನೇಂದ್ರ.

ಹೊಟ್ಟೆಯ ಗಡ್ಡೆ ವಾಸಿಯಾಗದೆಂದು ಡಾಕ್ಟರು ಹೇಳಿದ ಮೇಲೆ ಅಮ್ಮ, ಬಸದಿ ಹತ್ತಿರವೆಂದು ನಮ್ಮ ಮನೆಗೆ ಬಂದು ಸಲ್ಲೇಖನ ವ್ರತ ಹಿಡಿದದ್ದು ನಿಮಗೆ ಗೊತ್ತೇ ಇದೆ. ಮೊದಲು ಅನ್ನ ಬಿಟ್ಟರು, ಆಮೇಲೆ ಹಾಲು. ಸೋಮವಾರದಿಂದ ಬರೀ ನೀರು. ಅಮ್ಮನ ಮೂಗಿಗೆ ವಾಸನೆ ಬಡಿಯದಿರಲೆಂದು ನಾನು ಒಗ್ಗರಣೆ ನಿಲ್ಲಿಸಿದ್ದೆ. "ಸಪ್ಪೆ ಸಾರು ಯಾಕೆ ಮಾಡ್ತೀಯೆ? ಮಕ್ಕಳು ಉಣ್ಣೋದು ಬೇಡ್ವೇನೇ?" ಎಂದು ಮಲಗಿದಲ್ಲಿಂದಲೇ ಬೈದರು.

ಅಣ್ಣ, ನಿನ್ನೆ ನಾನೊಂದು ತಪ್ಪು ಮಾಡಿದೆ. ಒಡೆದ ತುಟಿ ನೋಡಲಾರದೆ, ಅವರ ನೀರಿಗೆ ಎರಡು ಚಮಚ ಗಂಜಿಯ ತಿಳಿ ಬೆರೆಸಿ ಕೊಟ್ಟೆ. ನಲವತ್ತು ವರ್ಷ ಅನ್ನ ಬಸಿದವರು, ಒಂದೇ ಗುಟುಕಿಗೆ ಗೊತ್ತಾಯಿತು. ಉಗುಳಿ ಲೋಟ ಕೆಳಗಿಟ್ಟರು. "ನಿನ್ನ ಕೈ ನೀರನ್ನೂ ನಂಬೋ ಹಾಗಿಲ್ಲ ಕಣೇ ಪದ್ಮಾ" ಎಂದರು. ಅಷ್ಟೇ. ಆಗಿನಿಂದ ನೀರನ್ನೂ ಮುಟ್ಟಿಲ್ಲ. ಪಕ್ಕದ ಮನೆಯವರು ತಂದರೂ ನಾನೇ ಕಳಿಸಿದ್ದೆಂದು ಬಾಯಿ ತೆರೆಯುವುದಿಲ್ಲ.

ಇದನ್ನು ನಮ್ಮ ಮನೆಯವರಿಗೂ ಹೇಳಿಲ್ಲ. ನೀರನ್ನೂ ತ್ಯಜಿಸಿದರೆಂದು ಊರವರೆಲ್ಲ ಬಂದು ಅಮ್ಮನಿಗೆ ಕೈಮುಗಿದು, ಪುಣ್ಯವಂತಳೆಂದು ನನ್ನನ್ನೂ ಹೊಗಳಿ ಹೋಗುತ್ತಿದ್ದಾರೆ.

ಈ ಕಾಗದವನ್ನು ಅರಸೀಕೆರೆ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಂಗಡಿ ಮುಚ್ಚಿ ಮಧ್ಯಾಹ್ನದ ಬಸ್ಸಿಗೇ ಬನ್ನಿ. ತಿಂಡಿ ಏನೂ ತರಬೇಡಿ. ನೀವು ಕೊಟ್ಟರೆ ಅಮ್ಮ ಕುಡಿದಾರು. ನೀರನ್ನು ನೀವೇ ಸೇದಿ, ನೀವೇ ಸೋಸಿ, ಅವರಿಗೆ ಕಾಣುವ ಹಾಗೆ ಕಾಯಿಸಿ. ನಾನು ಅಡುಗೆಮನೆಗೆ ಬರುವುದಿಲ್ಲ.

ಇಂತಿ ನಿಮ್ಮ ತಂಗಿ,
ಪದ್ಮಲತಾ